ತಟ್ಟೆಯ ಮೇಲಿನ ಹೆಸರು

ಸೊರಬ ತಾಲ್ಲೂಕಿನ ಉಳವಿಯ ಸಮೀಪದಲ್ಲಿ, ಅಡಿಕೆ ತೋಟದ ಅಂಚಿನಲ್ಲಿದ್ದ ನಮ್ಮ ಅಜ್ಜನ ಮನೆಯಲ್ಲಿ, ತಾಯಿತಂದೆಯರಿಲ್ಲದ ದೂರದ ಸಂಬಂಧದ ಹುಡುಗನೊಬ್ಬನು ಬೆಳೆಯುತ್ತಿದ್ದನು. ಬಂದ ಹೊಸದರಲ್ಲಿ ಅವನು ಊಟದ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತಿದ್ದು, ಎಲ್ಲರೂ ತಮ್ಮ ತಮ್ಮ ತಟ್ಟೆಗಳನ್ನು ತೆಗೆದುಕೊಂಡ ಮೇಲೆ ಉಳಿದುದನ್ನು ಸದ್ದಿಲ್ಲದೆ ಎತ್ತಿಕೊಳ್ಳುತ್ತಿದ್ದುದನ್ನು ಗಮನಿಸಿದ ಅಜ್ಜಿ, ಪೇಟೆಯ ಪಾತ್ರೆ ಅಂಗಡಿಯಿಂದ ಹೊಸ ಸ್ಟೀಲಿನ ತಟ್ಟೆಯೊಂದನ್ನು ತರಿಸಿ, ಮೊಮ್ಮಕ್ಕಳ ತಟ್ಟೆಗಳ ಮೇಲಿದ್ದಂತೆಯೇ ಅದರ ಅಂಚಿನಲ್ಲಿ ಅವನ ಹೆಸರನ್ನು ಕೆತ್ತಿಸಿದರು. ಆ ದಿನದಿಂದ ಅವನು ಪಂಕ್ತಿಯ ನಡುವೆ ಕುಳಿತುಕೊಳ್ಳತೊಡಗಿದನು.

ಅದೇ ಹಾದಿಯ ಇನ್ನೊಂದು ಮನೆಯಲ್ಲಿ, ಅದೇ ವಯಸ್ಸಿನ, ಅಂಥದೇ ದುರ್ದೈವಕ್ಕೆ ಗುರಿಯಾದ ಮತ್ತೊಬ್ಬ ಹುಡುಗನಿದ್ದನು. ಕೊನೆಕೊಯ್ಲಿನ ಕಾಲ ಬಂದೊಡನೆ ಅವನ ಶಾಲೆಯ ಚೀಲ ಗೂಟಕ್ಕೇರುತ್ತಿದ್ದಿತು. ನಡುರಾತ್ರಿಯವರೆಗೆ ಅವನು ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದನು. ಊರವರು ಇಬ್ಬರನ್ನೂ ‘ಸಾಕಿಕೊಂಡ ಹುಡುಗ’ರೆಂದೇ ಕರೆಯುತ್ತಿದ್ದರು. ಒಂದೇ ಹೆಸರಿನ ಅಡಿಯಲ್ಲಿ ಎರಡು ಬಾಲ್ಯಗಳು ಇಷ್ಟು ಭಿನ್ನವಾಗಿ ಕಳೆಯಬಲ್ಲವಾದರೆ, ಪರರ ಮಗುವಿನ ಪಾಲನೆಯನ್ನು ಗೃಹಸ್ಥರ ಮನೋಧರ್ಮವೊಂದಕ್ಕೇ ಒಪ್ಪಿಸಿ ಸಮಾಜವು ನಿಶ್ಚಿಂತವಾಗಿರುವುದು ನ್ಯಾಯವಲ್ಲ.

ಔದಾರ್ಯಕ್ಕೆ ವ್ಯವಸ್ಥೆಯ ಆಧಾರ ಬೇಕೆಂಬ ತಿಳಿವಳಿಕೆ ಈ ಸೀಮೆಗೆ ಹೊಸದಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠವು ದೀನರಿಗೂ ಅನಾಥರಿಗೂ ಕುರುಡ ಕಿವುಡರಿಗೂ ಅನ್ನವನ್ನಿಕ್ಕುವ, ರೋಗಿಗಳಿಗೆ ಚಿಕಿತ್ಸೆ ದೊರಕಿಸುವ ಸ್ಥಳವಾಗಿದ್ದಿತೆಂದು 1162ರ ಶಾಸನವು ಸಾರುತ್ತದೆ. ಕೊಡುವವರ ಮನಸ್ಸು ಮುನಿದರೂ ಅನ್ನವು ತಪ್ಪದಿರಲೆಂದೇ ಅಂದಿನವರು ದತ್ತಿಯನ್ನು ಬಿಟ್ಟು, ಅದನ್ನು ಕಲ್ಲಿನಲ್ಲಿ ಬರೆಯಿಸುತ್ತಿದ್ದರು.

ನಮ್ಮ ಕಾಲದ ಶಾಸನವು 2015ರ ಬಾಲನ್ಯಾಯ ಕಾಯಿದೆ. ಅದರ 44ನೆಯ ಪ್ರಕರಣವು ‘ಪೋಷಕತ್ವ’ಕ್ಕೆ ಅವಕಾಶ ಕಲ್ಪಿಸುತ್ತದೆ. ಇದು ದತ್ತಕವಲ್ಲ. ದತ್ತಕದಲ್ಲಿ ಮಗುವು ಹೊಸ ಕುಲಕ್ಕೆ ಶಾಶ್ವತವಾಗಿ ಸೇರಿಬಿಡುತ್ತದೆ. ಪೋಷಕತ್ವದಲ್ಲಾದರೋ ಹೆತ್ತವರೊಡನೆ ಅದರ ಸಂಬಂಧವು ಕಡಿಯದೆ, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ, ಬೇಕಾದಷ್ಟು ಕಾಲ ಮಾತ್ರ ಇನ್ನೊಂದು ಕುಟುಂಬದಲ್ಲಿ ಬೆಳೆಯುತ್ತದೆ. ಸಮಿತಿಯು ತಿಂಗಳಿಗೊಮ್ಮೆ ಆ ಮನೆಯನ್ನು ಪರಿಶೀಲಿಸಬೇಕು. ಪಾಲನೆಯಲ್ಲಿ ಲೋಪ ಕಂಡರೆ ಮಗುವನ್ನು ಬೇರೊಂದು ಕುಟುಂಬಕ್ಕೆ ಒಪ್ಪಿಸಬೇಕು. ಮೆಟ್ಟುಗತ್ತಿಯ ಮುಂದೆ ಕುಳಿತಿದ್ದ ಆ ಹುಡುಗನ ಮನೆಯ ಬಾಗಿಲನ್ನು ತಟ್ಟಿ, ಚೀಲವೇಕೆ ಗೂಟದಲ್ಲಿದೆ ಎಂದು ಕೇಳುವ ಅಧಿಕಾರ ಅಂದು ಯಾರಿಗೂ ಇರಲಿಲ್ಲ.

ಮಕ್ಕಳ ಸಂಕಟಗಳು ಒಂದೇ ತೆರನಾದುವಲ್ಲವಾದುದರಿಂದ ಆಶ್ರಯವೂ ಒಂದೇ ತೆರನಾಗಿರಕೂಡದು. ತಾಯಿಯು ಆಸ್ಪತ್ರೆ ಸೇರಿ, ನೋಡಿಕೊಳ್ಳುವವರಿಲ್ಲದ ಮಗುವಿಗೆ ಕೆಲವು ವಾರಗಳ ಅಲ್ಪಾವಧಿ ಪೋಷಕತ್ವವೇ ಸಾಕು. ತಂದೆ ಸೆರೆಮನೆಯಲ್ಲಿದ್ದು ತಾಯಿಯು ತೀವ್ರ ಮನೋವ್ಯಾಧಿಯಿಂದ ನರಳುತ್ತಿರುವ ಮಗುವನ್ನು ಸುಲಭವಾಗಿ ದತ್ತು ಕೊಡುವಂತಿಲ್ಲ, ಮನೆಗೆ ಕಳುಹಿಸುವಂತೆಯೂ ಇಲ್ಲ. ಅದಕ್ಕೆ ದೀರ್ಘಾವಧಿಯ ಕುಟುಂಬ ಬೇಕು. ಒಡಹುಟ್ಟಿದವರನ್ನು ಸಾಧ್ಯವಾದಮಟ್ಟಿಗೆ ಅಗಲಿಸಬಾರದೆಂಬುದು ಕಾಯಿದೆಯ ಆಶಯ. ಮೂವರು ನಾಲ್ವರನ್ನು ಒಂದೇ ಕುಟುಂಬವು ಹೊರಲಾರದೆಡೆ, ಪಾಲಕಿಯೊಬ್ಬಳ ಆರೈಕೆಯಲ್ಲಿ ಕೆಲವೇ ಮಕ್ಕಳು ಮನೆಯಂತೆ ಬಾಳುವ ಸಮೂಹ ಪೋಷಕತ್ವವು ಉಪಯುಕ್ತ. 1949ರಲ್ಲಿ ಆಸ್ಟ್ರಿಯದ ಇಮ್ಸ್ಟ್ ಪಟ್ಟಣದಲ್ಲಿ ಹರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮಗಳ ಮೂಲತತ್ತ್ವವು ಇದಕ್ಕೆ ಹತ್ತಿರವಾದುದು. ಅಂಗವೈಕಲ್ಯವುಳ್ಳ ಮಗುವಿಗೆ ತರಬೇತಿ ಪಡೆದ ಪೋಷಕರೇ ಬೇಕು.

ಇವೆಲ್ಲಕ್ಕಿಂತ ವ್ಯಾಪಕವಾಗಿ ನಮ್ಮ ಹಳ್ಳಿಗಳಲ್ಲಿ ನಡೆದುಬಂದಿರುವುದು ಬಂಧುಗಳ ಪಾಲನೆ: ಅಜ್ಜಿಯ, ಸೋದರಮಾವನ, ಚಿಕ್ಕಮ್ಮನ ಮನೆ. 2021ರಲ್ಲಿ, ಶಿಕಾರಿಪುರದ ಶಾಸಕರೂ ಆಗಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಕೋವಿಡ್‌ನಿಂದ ತಬ್ಬಲಿಗಳಾದ ಮಕ್ಕಳಿಗಾಗಿ ಬಾಲಸೇವಾ ಯೋಜನೆಯನ್ನು ಪ್ರಕಟಿಸಿ, ಅವರನ್ನು ಸಾಕುವ ಬಂಧುಗಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವುದಾಗಿ ಸಾರಿದಾಗ, ಸರ್ಕಾರವು ಈ ಅಜ್ಜಿ ಮಾವಂದಿರ ಸೇವೆಗೆ ಮನ್ನಣೆ ಕೊಟ್ಟಂತಾಯಿತು. ಆದರೆ ಸಿಡಿಲು ಬಡಿದೋ, ಅಡಿಕೆ ಮರದಿಂದ ಬಿದ್ದೋ ತಂದೆ ತೀರಿಕೊಂಡರೆ ಆಗುವ ಅನಾಥತ್ವವು ಸಾಂಕ್ರಾಮಿಕದಿಂದ ಒದಗಿದ ಅನಾಥತ್ವಕ್ಕಿಂತ ಹಗುರವಾದುದೇನೂ ಅಲ್ಲ. ಕೇಂದ್ರದ ‘ಮಿಷನ್ ವಾತ್ಸಲ್ಯ’ವು ಪೋಷಕತ್ವಕ್ಕೂ, ಮಗುವನ್ನು ಬಂಧುಗಳಲ್ಲಿಯೇ ಇರಿಸಿ ನೆರವಾಗುವ ಪ್ರಾಯೋಜಕತ್ವಕ್ಕೂ ತಿಂಗಳಿಗೆ 4,000 ರೂಪಾಯಿಯನ್ನು ಗೊತ್ತುಪಡಿಸಿದೆ, ಆದರೆ ಎಂಬತ್ತರ ಅಜ್ಜಿಯು ಅರ್ಜಿಯನ್ನು ಹಿಡಿದು ಜಿಲ್ಲಾ ಕೇಂದ್ರಕ್ಕೆ ಅಲೆಯಲಾರಳು. ಪ್ರತಿವರ್ಷ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿಯೇ, ಅಂಗನವಾಡಿ ಕಾರ್ಯಕರ್ತೆಯೂ ಶಾಲೆಯ ಗುರುಗಳೂ ಕೂಡಿ ಇಂಥ ಮನೆಗಳನ್ನು ಗುರುತಿಸಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವೇ ಅಲ್ಲಿಗೆ ಬರುವಂತಾಗಬೇಕು.

ಬಾಲಮಂದಿರಗಳಿರುವಾಗ ಇಷ್ಟೆಲ್ಲ ಪ್ರಯಾಸವೇಕೆಂದು ಕೇಳುವವರುಂಟು. ರುಮೇನಿಯದ ಬುಖಾರೆಸ್ಟಿನಲ್ಲಿ 2000ದ ಇಸವಿಯ ಸುಮಾರಿಗೆ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಕುರಿತು ಆರಂಭವಾದ ಅಧ್ಯಯನದಲ್ಲಿ, ಪೋಷಕ ಕುಟುಂಬಗಳಿಗೆ ಸೇರಿದ ಮಕ್ಕಳು ಬುದ್ಧಿಯಲ್ಲಿಯೂ ಭಾವದ ಬಾಂಧವ್ಯದಲ್ಲಿಯೂ ಮುಂದೆ ಬಂದರು. ಬೇಗ ಸೇರಿದವರಿಗೆ ಲಾಭವೂ ಹೆಚ್ಚಾಯಿತು. ಸಂಸ್ಥೆಯ ಸಿಬ್ಬಂದಿ ಎಷ್ಟೇ ಕರುಣಾಳುಗಳಾಗಿರಲಿ, ಪಾಳಿ ಮುಗಿದೊಡನೆ ತಮ್ಮ ಮನೆಗೆ ಹೊರಡುವರು. ಮಗುವು ಬಯಸುವುದು ಹೊರಟುಹೋಗದವರನ್ನು. ಪೋಷಕತ್ವವನ್ನು ಕುರಿತ ಕೇಂದ್ರದ 2024ರ ಮಾದರಿ ಮಾರ್ಗಸೂಚಿಯು 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಪೋಷಕರಾಗಲು ಅವಕಾಶವನ್ನಿತ್ತು, ಪೋಷಕ ಕುಟುಂಬವು ದತ್ತು ಪಡೆಯಲು ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಎರಡಕ್ಕೆ ಇಳಿಸಿರುವುದು ಈ ಕಾರಣದಿಂದ ಸ್ವಾಗತಾರ್ಹ.

ಕಡೆಯದಾಗಿ, ಹದಿನೆಂಟು ತುಂಬಿದವರ ಮಾತು. ಕಾಯಿದೆಯು ಸಂಸ್ಥೆಯಿಂದ ಹೊರಬಿದ್ದ ತರುಣರಿಗೆ 21ರವರೆಗೆ ಹಣಕಾಸಿನ ನೆರವಿಗೆ ಅವಕಾಶ ಕಲ್ಪಿಸಿದೆ. ಅದು ಅಗತ್ಯವೇ, ಆದರೆ ಹಬ್ಬಕ್ಕೆ ಬಾ ಎನ್ನುವ ಮನೆಯೊಂದನ್ನು ಹಣವು ಕಟ್ಟಿಕೊಡಲಾರದು. ನಮ್ಮ ಅಜ್ಜನ ಮನೆಯ ಆ ಹುಡುಗನು ಕೆಲಸ ದೊರೆತು ಊರು ಬಿಡುವ ದಿನ, ತನ್ನ ತಟ್ಟೆಯನ್ನೂ ಟ್ರಂಕಿಗೆ ಹಾಕಿಕೊಳ್ಳಹೊರಟಾಗ, ಅಜ್ಜಿ ಅದನ್ನು ಅವನ ಕೈಯಿಂದ ತೆಗೆದು ಮತ್ತೆ ಗೂಡಿನಲ್ಲಿಟ್ಟರು: “ಇದು ಇಲ್ಲೇ ಇರಲಿ ಮಾರಾಯ, ನೀ ಬಂದಾಗ ಉಣ್ಣಕ್ಕೆ ಬೇಕಲ್ಲ.”