ಭೂತದ ಚಿತ್ರಗಳೂ ಗಿರಣಿಯ ಬೀಗಗಳೂ

ರಾತ್ರಿ ಪಾಳಿ ಮುಗಿಸಿ ಬಂದ ಕೂಲಿಕಾರನು, ಮಗ್ಗುಲಲ್ಲಿ ಮಲಗಿದ ಮಕ್ಕಳಿಗೆ ಎಚ್ಚರವಾಗದಂತೆ ಫೋನಿನ ಸದ್ದಡಗಿಸಿ, ಐವತ್ತು ವರ್ಷದ ಹಿಂದಿನ ಅಮೆರಿಕದ ದೆವ್ವದ ಚಿತ್ರವೊಂದನ್ನು ನೋಡುತ್ತಾನೆಂದರೆ ನಮ್ಮಲ್ಲಿ ಕೆಲವು ಸಜ್ಜನರಿಗೆ ಮೈಯುರಿಯುತ್ತದೆ. ಇದು ಅಫೀಮು, ಇದು ಪತನ, ಆ ಹೊತ್ತಿನಲ್ಲಿ ನಾಲ್ಕು ಪುಟ ಓದಬಾರದೇ ಎಂದು ಉಪದೇಶ. ಇನ್ನೊಂದು ಪಂಗಡವೂ ಉಂಟು. ಅವರು ದೊಡ್ಡ ನಗರದ ರಸಿಕರು. ಎಪ್ಪತ್ತರ ದಶಕದ ಭಯಾನಕ ಚಿತ್ರವೆಂದರೆ ಅವರಿಗೆ ಅಜ್ಜಿಯ ಹಿತ್ತಾಳೆ ಚೊಂಬಿದ್ದಂತೆ; ಉಜ್ಜಿ ಗಾಜಿನ ಬೀರುವಿನಲ್ಲಿಟ್ಟು, ಆಹಾ ಆ ಕಾಲದ ಬಣ್ಣವೇನು, ಆ ರಕ್ತವೇನು ಎಂದು ತಲೆದೂಗುವುದಷ್ಟೇ ಕೆಲಸ. ಇವರೂ ಅವರೂ ತಮ್ಮನ್ನು ಪರಸ್ಪರ ವೈರಿಗಳೆಂದು ತಿಳಿದಿದ್ದಾರೆ. ನಮಗಾದರೋ ಒಂದೇ ಬೆಂಚಿನ ಹುಡುಗರಂತೆ ಕಾಣುತ್ತಾರೆ. ಚಿತ್ರದೊಳಗೆ ಏನಿದೆಯೆಂದು ಇಬ್ಬರೂ ನೋಡಿಲ್ಲ.

ಉಪದೇಶಕರನ್ನು ಮೊದಲು ಒಂದು ಮಾತು ಕೇಳೋಣ. ಆ ಮನುಷ್ಯನು ಅಷ್ಟು ಹೊತ್ತಿನಲ್ಲಿ ಎಚ್ಚರವಾಗಿರುವುದು ಯಾರ ಕೃಪೆಯಿಂದ? ಕರ್ನಾಟಕದ ವಿಧಾನಮಂಡಲವು 2023ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯ ಲೆಕ್ಕವನ್ನು ಹಾಗೆಯೇ ಇಟ್ಟುಕೊಂಡು, ದಿನದ ದುಡಿಮೆಯನ್ನು 12 ಗಂಟೆಗಳವರೆಗೆ ಹಿಗ್ಗಿಸಲು ದಾರಿ ಮಾಡಿತಲ್ಲ, ಆಗ ಕೂಲಿಕಾರನ ನಿದ್ರೆಯ ಬಗ್ಗೆ ತಾವು ಏನು ಹೇಳಿದಿರಿ?

ಇನ್ನು ಚಿತ್ರಗಳ ಮಾತು. ಜಾರ್ಜ್ ರೊಮೆರೊ ಎಂಬಾತನು 1978ರಲ್ಲಿ ತಂದ 'ಡಾನ್ ಆಫ್ ದಿ ಡೆಡ್' ಎಂಬುದನ್ನು ತೆಗೆದುಕೊಳ್ಳಿ. ಸತ್ತವರು ಎದ್ದು ಬದುಕಿದವರನ್ನು ತಿನ್ನುತ್ತಾರೆ, ನಿಜ. ಆದರೆ ಚಿತ್ರ ತೆರೆಯುವುದು ಸ್ಮಶಾನದಲ್ಲಿ ಅಲ್ಲ, ಟೆಲಿವಿಷನ್ ಕಛೇರಿಯಲ್ಲಿ. ಜನ ಓಡಿಹೋಗಿ ಆಶ್ರಯ ಪಡೆಯಬೇಕಾದ ಕೇಂದ್ರಗಳ ಪಟ್ಟಿಯನ್ನು ತೆರೆಯ ಮೇಲೆ ತೋರಿಸುತ್ತಿದ್ದಾರೆ. ಆ ಕೇಂದ್ರಗಳಲ್ಲಿ ಎಷ್ಟೋ ಮುಚ್ಚಿಹೋಗಿವೆ, ಪಟ್ಟಿ ನಂಬಿದವರು ಸಾವಿನ ಬಾಯಿಗೇ ಹೋಗುತ್ತಾರೆ. ಫ್ರಾನ್ ಎಂಬ ನೌಕರಳು ಅದನ್ನು ತೆಗೆಸುತ್ತಾಳೆ. ಮೇಲಧಿಕಾರಿಗೆ ಸಿಟ್ಟು! ಪಟ್ಟಿಯಿಲ್ಲದಿದ್ದರೆ ಜನ ನೋಡುವುದಿಲ್ಲವಂತೆ. ಮುಂದಿನ ದೃಶ್ಯದಲ್ಲಿ ಪೊಲೀಸರು ಕರಿಯರೂ ಪೋರ್ಟೊರಿಕೊ ಮೂಲದವರೂ ವಾಸಿಸುವ ಬಡವರ ಕಟ್ಟಡಕ್ಕೆ ನುಗ್ಗಿ, ಹೆಣಗಳ ಜೊತೆ ಬದುಕಿದವರನ್ನೂ ಹೊಡೆಯುತ್ತಾರೆ. ಹೆಣಗಳಿಗೆ ಹೆದರುವುದೋ, ಪೊಲೀಸರಿಗೆ ಹೆದರುವುದೋ?

ಆಮೇಲೆ ನಾಲ್ಕು ಮಂದಿ ಹೆಲಿಕಾಪ್ಟರಿನಲ್ಲಿ ತಪ್ಪಿಸಿಕೊಂಡು ಬಂದಿಳಿಯುವುದು ಒಂದು ಮಾಲಿನ ಛಾವಣಿಯ ಮೇಲೆ. ಕೆಳಗೆ ಎದ್ದ ಹೆಣಗಳು ಜಾರುಮೆಟ್ಟಿಲಿನ ಮೇಲೆ, ಬಟ್ಟೆಯಂಗಡಿಯ ಮುಂದೆ ಗುಂಪುಗುಂಪಾಗಿ ಅಲೆಯುತ್ತಿವೆ. ಬದುಕಿದ್ದಾಗ ಅವರಿಗೆ ಮುಖ್ಯವಾಗಿದ್ದ ಸ್ಥಳ ಇದೇ ಆದುದರಿಂದ ಕಾಲು ತಾನಾಗಿ ಇಲ್ಲಿಗೆ ಎಳೆದಿದೆ ಎಂದು ಒಬ್ಬನು ಊಹಿಸುತ್ತಾನೆ. ಆ ನಾಲ್ವರೂ ಬಾಗಿಲು ಭದ್ರಪಡಿಸಿ, ಬೇಕಾದ ಸಾಮಾನನ್ನೆಲ್ಲ ಬಾಚಿಕೊಂಡು ರಾಜರಂತೆ ಬದುಕುತ್ತಾರೆ. ಕೆಲವೇ ದಿನಗಳಲ್ಲಿ ಒಬ್ಬರ ಮುಖ ಒಬ್ಬರಿಗೆ ಬೇಡವಾಗುತ್ತದೆ.

ಈ ಮಾಲು ಗೊಂಬೆಯ ಸೆಟ್ಟಲ್ಲ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಬಳಿಯ ಮನ್ರೋವಿಲ್ ಎಂಬಲ್ಲಿ 1969ರಲ್ಲಿ ತೆರೆದ ನಿಜವಾದ ಮಾಲು. ಅಂಗಡಿಗಳು ಮುಚ್ಚಿದ ಮೇಲೆ ರಾತ್ರಿಯೆಲ್ಲ ಚಿತ್ರೀಕರಣ, ಬೆಳಗಾದರೆ ಮತ್ತೆ ವ್ಯಾಪಾರ. ಕ್ರಿಸ್‌ಮಸ್ ಸಿಂಗಾರ ತೂಗುಹಾಕಿದಾಗ ಕೆಲಸವನ್ನೇ ನಿಲ್ಲಿಸಬೇಕಾಯಿತು. ಅದು 1977ರ ಕೊನೆಯ ತಿಂಗಳುಗಳು. ಅದೇ ವರ್ಷದ ಸೆಪ್ಟೆಂಬರ್ 19ರಂದು ನೆರೆಯ ಒಹಾಯೊದ ಯಂಗ್ಸ್‌ಟೌನಿನಲ್ಲಿ ಉಕ್ಕಿನ ಕಂಪನಿಯೊಂದು ತನ್ನ ದೊಡ್ಡ ಕಾರ್ಖಾನೆಯನ್ನು ಮುಚ್ಚುವುದಾಗಿ ಸಾರಿ ಸುಮಾರು 5,000 ಮಂದಿಯನ್ನು ಬೀದಿಗೆ ತಳ್ಳಿತ್ತು. ಆ ಸೋಮವಾರಕ್ಕೆ ಆ ಊರಿನವರು 'ಕರಾಳ ಸೋಮವಾರ' ಎಂದೇ ಹೆಸರಿಟ್ಟರು. ಪಿಟ್ಸ್‌ಬರ್ಗಿನ ಪಕ್ಕದ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಗೆ 1986ರಲ್ಲಿ ಬೀಗ ಬಿತ್ತು. 1892ರಲ್ಲಿ ಕೂಲಿಕಾರರು ಮಾಲೀಕನ ಬಾಡಿಗೆ ಬಂದೂಕಿನವರೊಡನೆ ಹೋರಾಡಿ ಪ್ರಾಣ ಕೊಟ್ಟ ನೆಲ ಅದು. 1999ರಲ್ಲಿ ಅದೇ ನೆಲದ ಮೇಲೆ ಏನು ಎದ್ದಿತು ಗೊತ್ತೇ? ಅಂಗಡಿಗಳ ಸಂಕೀರ್ಣ. ಹಳೆಯ ಹೊಗೆಗೊಳವೆಗಳಲ್ಲಿ 12ನ್ನು ಮಾತ್ರ ನೋಟಕ್ಕೆಂದು ಉಳಿಸಿದರು.

ದೂರದ ಕಥೆಯೆನ್ನಬೇಡಿ. ಮಲ್ಲೇಶ್ವರದಲ್ಲಿ ರಾಜಾ ಮಿಲ್ ನಿಂತಿದ್ದ ಜಾಗದಲ್ಲಿ 2010ರಲ್ಲಿ ಮಾಲು ತೆರೆಯಿತು. ಮುಂಬಯಿಯ ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಗತಿಯೂ ಅದೇ.

ಅಂಗಡಿಕಾರ ಮಿತ್ರರು ಇದು ಗಿರಣಿಯವರ ಗೋಳೆಂದು ಪುಟ ತಿರುವಬಾರದು. ಮಾಲಿನ ಬಾಗಿಲು ತೆರೆದ ದಿನ ಪೇಟೆಯ ಬೀದಿಯಲ್ಲಿ ಯಾರ ಗಲ್ಲಾಪೆಟ್ಟಿಗೆ ಹಗುರಾಗುತ್ತದೆ? ನಿಮಗಾಗಿಯೇ 1975ರ 'ಜಾಸ್' ಇದೆ. ಬೇಸಗೆಯ ಪ್ರವಾಸಿಗರನ್ನು ನಂಬಿ ಬದುಕುವ ದ್ವೀಪದ ಊರು. ಶಾರ್ಕ್ ಮೀನು ಹುಡುಗಿಯೊಬ್ಬಳನ್ನು ಕೊಂದಿದೆ. ಪೊಲೀಸ್ ಮುಖ್ಯಸ್ಥನು ಕಡಲತೀರ ಮುಚ್ಚಬೇಕೆನ್ನುತ್ತಾನೆ, ಮೇಯರನು ಒಪ್ಪುವುದಿಲ್ಲ, ವೈದ್ಯನು ಸಾವಿನ ಕಾರಣವನ್ನು ದೋಣಿ ಅಪಘಾತವೆಂದು ತಿದ್ದುತ್ತಾನೆ. ಮುಂದೆ ಒಬ್ಬ ಬಾಲಕನು ಬಲಿಯಾದಾಗ ಅವನ ತಾಯಿ ಬಂದು ಕಪಾಳಕ್ಕೆ ಹೊಡೆಯುವುದು ಯಾರಿಗೆ? ಮೇಯರನಿಗಲ್ಲ, ಸಂಬಳದ ಪೊಲೀಸನಿಗೆ. ತೀರ ತೆರೆದಿರಲೆಂದು ಒತ್ತಾಯಿಸಿದವರಲ್ಲಿ ಆ ಊರಿನ ಸಣ್ಣ ವ್ಯಾಪಾರಿಗಳೂ ಇದ್ದರು. ಅವರನ್ನು ಬೈಯಲು ನಮಗೆ ಮನಸ್ಸಿಲ್ಲ. ಒಂದು ಋತುವಿನ ಗಳಿಕೆ ತಪ್ಪಿದರೆ ಚಳಿಗಾಲದಲ್ಲಿ ಅವರಿಗೆ ಅನ್ನ ಕೊಡುವ ಏರ್ಪಾಡು ಆ ಮೇಯರನ ಸರ್ಕಾರದಲ್ಲಿ ಇತ್ತೇ? ಇಲ್ಲದೆ ಹೋದುದರಿಂದಲೇ ಅಂಗಡಿಕಾರನು ಮೀನಿನ ಪಕ್ಷ ವಹಿಸಬೇಕಾಯಿತು!

'ದಿ ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್' ಬಗ್ಗೆ ನಮಗೆ ತಕರಾರಿದೆ. 1974ರ ಈ ಚಿತ್ರದಲ್ಲಿ ಮನುಷ್ಯರನ್ನು ಕೊಲ್ಲುವ ಸಂಸಾರವು ಹಿಂದೆ ಕಸಾಯಿಖಾನೆಯಲ್ಲಿ ದುಡಿದದ್ದು. ಸುತ್ತಿಗೆಯಿಂದ ದನ ಕೆಡಹುತ್ತಿದ್ದ ಕಡೆ ಗಾಳಿಬಂದೂಕು ಬಂದು ಕೆಲಸ ಹೋಯಿತೆಂದು ಅವರಲ್ಲೊಬ್ಬನೇ ಹೇಳುತ್ತಾನೆ. ಯಂತ್ರವು ಕೂಲಿಯನ್ನು ಕಿತ್ತುಕೊಂಡ ಸಂಗತಿಯನ್ನು ಇಷ್ಟು ನೇರವಾಗಿ ಹೇಳಿದ ನಿರ್ದೇಶಕ ಟೋಬ್ ಹೂಪರನು, ಕೆಲಸ ಕಳೆದುಕೊಂಡವನನ್ನೇ ರಾಕ್ಷಸನನ್ನಾಗಿ ಮಾಡಿದ್ದು ಸರಿಯೇ? ಬಂದೂಕು ತರಿಸಿದ ಮಾಲೀಕನ ಸುಳಿವೇ ಇಲ್ಲ. ನಿರುದ್ಯೋಗಿಯನ್ನು ಕಂಡು ಬೆಚ್ಚುವ ಮಧ್ಯಮ ವರ್ಗದ ಕಣ್ಣು ಇದು. ಇನ್ನೊಂದು ವಿಚಿತ್ರ ನೋಡಿ: ಟೆಕ್ಸಾಸಿನ ಉರಿಬಿಸಿಲಿನಲ್ಲಿ ಬೆಂದು, ಲಾಭದ ಪಾಲನ್ನು ನಂಬಿ ದುಡಿದ ನಟರಿಗೂ ಕೆಲಸಗಾರರಿಗೂ, ಚಿತ್ರ ದುಡ್ಡಿನ ಹೊಳೆ ಹರಿಸಿದ ಮೇಲೆ, ಕೈಗೆ ಬಂದದ್ದು ಚಿಲ್ಲರೆ ಕಾಸು.

'ಎಕ್ಸಾರ್ಸಿಸ್ಟ್' ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶ್ರೀಮಂತ ನಟಿಯ ಮಗಳ ಹಾಸಿಗೆ ಕುಣಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಹಣವಿಲ್ಲದ್ದರಿಂದ ಸರ್ಕಾರಿ ಆಸ್ಪತ್ರೆಯ ಹುಚ್ಚರ ವಾರ್ಡಿನಲ್ಲಿ ಬಿದ್ದ ಪಾದ್ರಿಯ ಮುದಿ ತಾಯಿಯನ್ನು ಯಾರೂ ನೆನೆಯುವುದಿಲ್ಲ.

ದೊಡ್ಡ ಕಂಪನಿಯ ಬಂಡವಾಳದಿಂದ ತಯಾರಾದ ಚಿತ್ರದಲ್ಲಿ ಸತ್ಯ ಹೇಗೆ ಬಂದೀತು ಎಂದು ಕೇಳುವವರಿದ್ದಾರೆ. ಕಾಸು ಬರುವುದಾದರೆ ಬಂಡವಾಳಗಾರನು ತನ್ನ ಮೇಲಿನ ದೋಷಾರೋಪವನ್ನೂ ಮಾರುತ್ತಾನೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ 1979ರಲ್ಲಿ ಬಿಡುಗಡೆ ಮಾಡಿದ 'ಏಲಿಯನ್' ನೋಡಿ. ಏಳು ಮಂದಿ ದುಡಿಮೆಗಾರರು ಕಂಪನಿಗಾಗಿ ಆಕಾಶದಲ್ಲಿ ಅದಿರು ಸಾಗಿಸುತ್ತಿದ್ದಾರೆ. ಪಾರ್ಕರ್, ಬ್ರೆಟ್ ಎಂಬ ಇಬ್ಬರು ಯಂತ್ರದವರು ಊಟದ ಮೇಜಿನಲ್ಲೇ ಬೋನಸ್ಸಿನ ಪ್ರಶ್ನೆ ಎತ್ತುತ್ತಾರೆ: ನಮಗೇಕೆ ಉಳಿದವರಿಗಿಂತ ಕಡಿಮೆ? ಕರಾರಿನಲ್ಲಿದ್ದಷ್ಟು ಸಿಗುತ್ತದೆಂದು ಕಪ್ತಾನನ ಉತ್ತರ. ಅಪರಿಚಿತ ಸಂಕೇತ ಬಂದ ಕಡೆ ಇಳಿಯಬೇಕಾದಾಗ, ಅದು ನಮ್ಮ ಕೆಲಸವಲ್ಲವೆಂದು ಪಾರ್ಕರ್ ತಕರಾರು ತೆಗೆಯುತ್ತಾನೆ. ಕೂಡಲೇ ವಿಜ್ಞಾನಾಧಿಕಾರಿ ಕರಾರಿನ ಷರತ್ತನ್ನು ಒಪ್ಪಿಸುತ್ತಾನೆ. ಹೋಗದಿದ್ದರೆ ಪಾಲೆಲ್ಲ ಮುಟ್ಟುಗೋಲು. ಆ ಅಧಿಕಾರಿ ಮನುಷ್ಯನೇ ಅಲ್ಲ, ಕಂಪನಿ ಇಟ್ಟ ಯಂತ್ರವೆಂಬುದು ಆಮೇಲೆ ಬಯಲಾಗುತ್ತದೆ. ಅವನಿಗಿದ್ದ ಗುಪ್ತ ಆಜ್ಞೆ: ಆ ಪ್ರಾಣಿಯನ್ನು ತಂದೊಪ್ಪಿಸತಕ್ಕದ್ದು, ಸಿಬ್ಬಂದಿ ಹೋದರೂ ಚಿಂತೆಯಿಲ್ಲ.

ಬೋನಸ್ ಕೇಳಿದ ಇಬ್ಬರೂ ಸತ್ತರು. ಎರಡು ಗಂಟೆಯ ಚಿತ್ರದಲ್ಲಿ ಆ ಪ್ರಾಣಿಯ ಹಲ್ಲು, ಬಾಲ, ಜೊಲ್ಲು ಎಲ್ಲವನ್ನೂ ತೋರಿಸಿದ್ದಾರೆ. ಮಾಲೀಕನ ಮುಖ ಒಮ್ಮೆಯೂ ಕಾಣುವುದಿಲ್ಲ.