ಎಂಟನೆಯ ತಿಂಗಳವರೆಗೆ ಕಾಯುವುದೇಕೆ?

ಗರ್ಭದಲ್ಲಿರುವ ಕೂಸಿಗೆ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡುವ ಸಂಪ್ರದಾಯ ನಮ್ಮದು. ಹೆಣ್ಣೋ ಗಂಡೋ ಎಂದು ಕೇಳದೆ, ಹುಟ್ಟುವ ಮೊದಲೇ ಅದನ್ನು ಲಿಂಗವಂತವೆಂದು ಒಪ್ಪಿದವರು ನಾವು. ಆದರೆ ಕೂಸಿನ ಮಿದುಳು, ಬೆನ್ನುಹುರಿಗೆ ಬುನಾದಿ ಬೀಳುವುದು ಮೊದಲ ಎರಡು ತಿಂಗಳಲ್ಲಿ, ಎಷ್ಟೋ ಸಲ ಬಸಿರಿನ ಸುದ್ದಿ ಅತ್ತೆಗೆ ತಿಳಿಯುವ ಮುಂಚೆ.

ಆಗ ನಮ್ಮ ಹೆಣ್ಣುಮಕ್ಕಳು ಎಲ್ಲಿರುತ್ತಾರೆ? ಹಡಗಲಿಯ ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುತ್ತ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಮೆಕ್ಕೆಜೋಳ, ಈರುಳ್ಳಿ ಹೊಲಗಳಲ್ಲಿ ಕಳೆ ತೆಗೆಯುತ್ತ. ಎಣ್ಣೆ ಹೊಡೆಯುವವನು ಗಂಡಸು, ನಿಜ. ಅವನಿಗೆ ನೀರು ಹೊತ್ತು ಕೊಡುವವಳು, ತೊಯ್ದ ಅಂಗಿ ಒಗೆಯುವವಳು, ಮರುದಿನ ಅದೇ ಸಾಲಿಗೆ ಇಳಿಯುವವಳು ಹೆಂಗಸು.

ಕಾಸರಗೋಡಿನ ಪಡ್ರೆಯಲ್ಲಿ, ದಕ್ಷಿಣ ಕನ್ನಡದ ಕೊಕ್ಕಡದಲ್ಲಿ ಸರ್ಕಾರಿ ನಿಗಮಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟ್ ಆ ಔಷಧಿಯನ್ನು ದೇಶದಾದ್ಯಂತ ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ನಡೆಯಲಾರದ, ಬುದ್ಧಿ ಬೆಳೆಯದ ಮಕ್ಕಳನ್ನು ಎತ್ತಿ ಆಡಿಸುತ್ತಲೇ ಅಲ್ಲಿನ ತಾಯಂದಿರು ಮುದುಕಿಯರಾಗಿದ್ದರು. ಅದೇ ವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಹೆಚ್ಚಿದ್ದಷ್ಟೂ 7ನೇ ವಯಸ್ಸಿಗೆ ಮಗುವಿನ ನೆನಪಿನ ಶಕ್ತಿ ತಗ್ಗಿತ್ತು. ನಮ್ಮಲ್ಲಿ ಗೆದ್ದಲಿಗೂ ಹುಳುವಿಗೂ ಅದೇ ಔಷಧಿ ಹಾಕುತ್ತಾರೆ.

ಪೂಜ್ಯರಲ್ಲಿ ನನ್ನ ಬಿನ್ನಹ ಇಷ್ಟೆ. ಸಾಮೂಹಿಕ ವಿವಾಹದ ವೇದಿಕೆಯಲ್ಲಿ, ಶ್ರಾವಣದ ಪ್ರವಚನದಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳಿ: ಹೊಸ ಸೊಸೆಯನ್ನು ಎಣ್ಣೆ ಹೊಡೆದ ಹೊಲಕ್ಕೆ ಕಳಿಸಬೇಡಿ, ಡಬ್ಬಿ ಮನೆಯೊಳಗೆ ಇಡಬೇಡಿ, ಆ ಅಂಗಿಯನ್ನು ಗಂಡನೇ ಒಗೆಯಲಿ. ನಮ್ಮ ಹೊಲಕ್ಕೆ ಬರುವ ಕೂಲಿ ಹೆಣ್ಣುಮಗಳಿಗೂ ಇದು ಅನ್ವಯಿಸಬೇಕು. ಅವಳ ಬಸಿರು ಬೇರೆಯಲ್ಲ. ಆ ದಿನಗಳಲ್ಲಿ ಅವಳಿಗೆ ಬೇರೆ ಕೆಲಸ ಕೊಡಿ; ಕೆಲಸವಿಲ್ಲದಿದ್ದರೆ ಕೂಲಿ ಕೊಟ್ಟು ಮನೆಗೆ ಕಳಿಸಿ.