ಲಾಲ್ ಮಹಲ್‌ನಿಂದ ಹೊದಿಗೆರೆಗೆ ಎಷ್ಟು ದೂರ?

ಆಫೀಸಿನ ನನ್ನ ಮೇಜಿನ ಮೇಲೆ ಒಂದು ಫೋಟೊ ಇದೆ. 2017ರಲ್ಲಿ ಪ್ರಾಜೆಕ್ಟ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿದ್ದಾಗ ಫಿಲಡೆಲ್ಫಿಯಾದ ಲಿಬರ್ಟಿ ಬೆಲ್ ಮುಂದೆ ನಿಂತು ತೆಗೆಸಿಕೊಂಡದ್ದು. ಬಿರುಕು ಬಿಟ್ಟ ಒಂದು ಗಂಟೆಯನ್ನು ನೋಡಲು ಕೊರೆಯುವ ಚಳಿಯಲ್ಲಿ ಸಾಲುಗಟ್ಟಿ ನಿಂತಿದ್ದೆ. ಹಿಂಜವಡಿಯ ಮರಾಠಿ ಸಹೋದ್ಯೋಗಿಯೊಬ್ಬರು ಒಂದು ದಿನ ಆ ಫೋಟೊ ನೋಡುತ್ತ ಕೇಳಿದರು: ‘ನೀವು ದಾವಣಗೆರೆಯವರಲ್ಲವೇ? ನಿಮ್ಮ ಜಿಲ್ಲೆಯಲ್ಲೇ ಶಹಾಜಿರಾಜರ ಸಮಾಧಿ ಇದೆಯಂತಲ್ಲ, ಹೇಗಿದೆ?’

ನಾನು ನೋಡಿರಲಿಲ್ಲ. ಚನ್ನಗಿರಿ ತಾಲ್ಲೂಕಿನ ಹೊದಿಗೆರೆ ಎಂಬ ಹೆಸರು ಕೇಳಿದ್ದೆ, ಅಷ್ಟೇ. ರಾತ್ರಿ ಫೋನಿನಲ್ಲಿ ಅಪ್ಪನನ್ನು ಕೇಳಿದೆ. ‘ಅಡಿಕೆ ವ್ಯಾಪಾರಕ್ಕೆ ಚನ್ನಗಿರಿಗೆ ಎಷ್ಟು ಸಲ ಹೋಗೀನೋ ಲೆಕ್ಕ ಇಲ್ಲಪ್ಪ. ಆ ಕಡೆ ಮಾತ್ರ ಹೋಗಿಲ್ಲ’ ಎಂದರು.

ಪುಣೆಯಲ್ಲೂ ನಮ್ಮದು ಇದೇ ಕಥೆ. ಊರಿನಿಂದ ನೆಂಟರು ಬಂದರೆ ಅವರನ್ನು ಶನಿವಾರವಾಡಾದ ಬಾಗಿಲ ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ದಗಡೂಶೇಟ್ ಗಣಪತಿಗೆ ಕೈಮುಗಿಸಿ, ಲಕ್ಷ್ಮಿ ರಸ್ತೆಯಲ್ಲಿ ಸೀರೆ ಕೊಡಿಸಿದರೆ ಪುಣೆ ಮುಗಿಯಿತು. ಶನಿವಾರವಾಡಾದಿಂದ ನಾಲ್ಕು ಹೆಜ್ಜೆ ನಡೆದರೆ ಲಾಲ್ ಮಹಲ್ ಸಿಗುತ್ತದೆ. ಒಳಗೆ ಹೋದವರು ನಮ್ಮಲ್ಲಿ ಎಷ್ಟು ಜನ? ಹನ್ನೆರಡು ವರ್ಷ ಇಲ್ಲಿದ್ದ ನಾನೂ ಹೋಗಿರಲಿಲ್ಲ.

ಈಗ ಇರುವ ಕಟ್ಟಡ ಮಹಾನಗರ ಪಾಲಿಕೆ 1980ರ ದಶಕದಲ್ಲಿ ಹೊಸದಾಗಿ ಕಟ್ಟಿಸಿದ್ದು. ಮೂಲ ಮಹಲನ್ನು ಜೀಜಾಬಾಯಿ ಮತ್ತು ಬಾಲಕ ಶಿವಾಜಿಗಾಗಿ ಕಟ್ಟಿಸಿದವರು ಶಹಾಜಿ. 1663ರಲ್ಲಿ ಶಿವಾಜಿ ರಾತ್ರೋರಾತ್ರಿ ನುಗ್ಗಿ ಶಾಯಿಸ್ತಾ ಖಾನನ ಬೆರಳು ಕತ್ತರಿಸಿದ್ದು ಅಲ್ಲೇ. ಈ ಕಥೆ ಇಲ್ಲಿನ ಪ್ರತಿ ಮಗುವಿಗೂ ಗೊತ್ತು. ಆದರೆ ಕಥೆಯ ಉಳಿದರ್ಧ ಇರುವುದು ನಮ್ಮ ಕಡೆ. 1638ರಲ್ಲಿ ಬಿಜಾಪುರದ ಸೇನೆ ಕೆಂಪೇಗೌಡರ ವಂಶದವರಿಂದ ಬೆಂಗಳೂರನ್ನು ಗೆದ್ದುಕೊಂಡಿತು. ಅದು ಶಹಾಜಿಗೆ ಜಹಗೀರಾಗಿ ಬಂತು. 1687ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರುವವರೆಗೆ, ಸುಮಾರು ಐವತ್ತು ವರ್ಷ ಬೆಂಗಳೂರು ಭೋಸಲೆ ಮನೆತನದ್ದು. ಒಂದು ಕಾಲದಲ್ಲಿ ಪುಣೆ, ಬೆಂಗಳೂರು ಎರಡೂ ಒಬ್ಬನೇ ಸರದಾರನ ಜಹಗೀರು! 1664ರಲ್ಲಿ ಬೇಟೆಗೆ ಹೋಗಿದ್ದ ಶಹಾಜಿ ಕುದುರೆಯಿಂದ ಬಿದ್ದು ತೀರಿಕೊಂಡದ್ದು ಹೊದಿಗೆರೆಯ ಬಳಿ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ಸಂತೇಬೆನ್ನೂರಿನ ಪುಷ್ಕರಣಿ ನೋಡಿ, ಚನ್ನಗಿರಿ ದಾಟಿ ಹೊದಿಗೆರೆಗೆ ಹೋದೆ. ಆಡಂಬರವಿಲ್ಲದ ಸಮಾಧಿ. ಮಹಾರಾಷ್ಟ್ರದ ನಂಬರ್ ಪ್ಲೇಟಿನ ಜೀಪೊಂದರಲ್ಲಿ ಬಂದಿದ್ದ ಐದಾರು ಜನ ಹೂವಿಟ್ಟು ಕೈಮುಗಿಯುತ್ತಿದ್ದರು. ಮಗಳು ಅವರೊಂದಿಗೆ ಮರಾಠಿಯಲ್ಲಿ ಮಾತಾಡಿ, ಅದನ್ನು ಅಜ್ಜನಿಗೆ ಕನ್ನಡದಲ್ಲಿ ಹೇಳಿದಳು.

ಆ ಹೊತ್ತಿಗೆ ನನಗೆ 2022ರ ಡಿಸೆಂಬರ್ ನೆನಪಾಯಿತು. ಗಡಿ ಜಗಳ ಎದ್ದು, ಬೆಳಗಾವಿ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಿದ್ದರು. ಊರಿಗೆ ಹೊರಟವನು ಟಿಕೆಟ್ ರದ್ದು ಮಾಡಿ ಮನೆಯಲ್ಲೇ ಕೂತಿದ್ದೆ. ಟಿ.ವಿ. ನೋಡುತ್ತಿದ್ದ ಮಗಳು ಕೇಳಿದ್ದಳು: ‘ಅಪ್ಪ, ನಾವು ಯಾರ ಕಡೆ?’ ಶಾಲೆಯಲ್ಲಿ ಶಿವಾಜಿ ಚರಿತ್ರೆ ಓದಿ, ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ.

ಕೆಂಪೇಗೌಡರ ಊರನ್ನು ಕಸಿದುಕೊಂಡ ಸೇನೆಯ ಸರದಾರನ ಸಮಾಧಿಗೆ ನಾವೇಕೆ ಹೋಗಬೇಕು ಎಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಪ್ರಶ್ನೆ ತಪ್ಪಲ್ಲ. ಆದರೆ ನೋಡುವುದೆಂದರೆ ಪೂಜಿಸುವುದಲ್ಲ. ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯದ ಆ ಗಂಟೆಯ ಪಕ್ಕದಲ್ಲೇ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ವಾಸವಿದ್ದ ಮನೆಯ ಜಾಗವಿದೆ. ಆ ಮನೆಯಲ್ಲಿ ಅವನು ಇಟ್ಟುಕೊಂಡಿದ್ದ ಒಂಬತ್ತು ಗುಲಾಮರ ಹೆಸರುಗಳನ್ನು ನಾನು ಹೋದಾಗ ಗೋಡೆಯ ಮೇಲೆ ಕೆತ್ತಿದ್ದರು. ಹೆಮ್ಮೆ, ನಾಚಿಕೆ ಎರಡನ್ನೂ ಒಂದೇ ಅಂಗಳದಲ್ಲಿ ನೋಡಬಹುದಿತ್ತು. ಫೋಟೊ ತೆಗೆಸಿಕೊಂಡ ನಾನು ಆ ಪಾಠವನ್ನು ಮಾತ್ರ ಅಲ್ಲೇ ಬಿಟ್ಟು ಬಂದಿದ್ದೆ.

ಹೊರರಾಜ್ಯದಲ್ಲಿ ದುಡಿಯುವ ನಮಗೆ ಒಂದು ಅನುಕೂಲವಿದೆ. ಎರಡೂ ಕಡೆಯ ಕಥೆ ನಮಗೆ ಅರ್ಥವಾಗುತ್ತದೆ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಂದು ಪ್ರವಾಸ ಇಟ್ಟುಕೊಳ್ಳಲಿ. ಒಂದು ವರ್ಷ ನೆರೆಯ ಮರಾಠಿ ಕುಟುಂಬಗಳನ್ನು ಹೊದಿಗೆರೆಗೆ ಕರೆದೊಯ್ಯಲಿ. ಮುಂದಿನ ವರ್ಷ ಅವರೇ ನಮಗೆ ಲಾಲ್ ಮಹಲ್, ಸಿಂಹಗಡ ತೋರಿಸಲಿ. ಗಡಿ ವಿವಾದ ಇದರಿಂದ ಬಗೆಹರಿಯುವುದಿಲ್ಲ, ಅದು ನ್ಯಾಯಾಲಯದ ಕೆಲಸ. ಆದರೆ ಮಸಿಯ ಡಬ್ಬಿ ಹಿಡಿದವರು ಹೇಳುವುದೇ ಇಡೀ ಇತಿಹಾಸ ಎಂದು ನಮ್ಮ ಮಕ್ಕಳು ನಂಬುವುದು ತಪ್ಪುತ್ತದೆ.

ಪುಣೆಯಿಂದ ದಾವಣಗೆರೆಗೆ ಒಂದೇ ಹೆದ್ದಾರಿ, ಒಂದು ರಾತ್ರಿಯ ಬಸ್ಸು. ಲಿಬರ್ಟಿ ಬೆಲ್ ಫೋಟೊ ಈಗಲೂ ನನ್ನ ಮೇಜಿನ ಮೇಲಿದೆ. ಪಕ್ಕದಲ್ಲಿ ಹೊದಿಗೆರೆಯಲ್ಲಿ ಅಪ್ಪ ಮತ್ತು ಮಗಳು ನಿಂತಿರುವ ಇನ್ನೊಂದು ಫೋಟೊ ಸೇರಿದೆ. ಸಹೋದ್ಯೋಗಿ ಅದನ್ನು ನೋಡಿ, ‘ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋಗಿ’ ಎಂದಿದ್ದಾರೆ. ಯುಗಾದಿಗೆ ನಾಲ್ಕು ಟಿಕೆಟ್ ಮಾಡಿಸಿದ್ದೇನೆ.